ಕುಂಕುಮ ಸೋಕದ ನೀರು

ಹಗರಿಬೊಮ್ಮನಹಳ್ಳಿಯ ಪೇಟೆ ಹಾದು ಬರುವ ಹಳ್ಳ. ಇನ್ನೂ ಮಬ್ಬುಗತ್ತಲು. ಮೊಣಕಾಲುದ್ದ ನೀರಿನಲ್ಲಿ ಗಾಳೆಮ್ಮ ನಿಂತಿದ್ದಾರೆ. ಕೈಗೆ ಗ್ಲೌಸು, ಹಣೆ ಬೋಳು. ಬಾಟಲಿಯನ್ನು ಹರಿವಿಗೆ ಎದುರು ಹಿಡಿದು, ಅದೇ ನೀರಿನಲ್ಲಿ ಜಾಲಾಡಿಸಿ ಚೆಲ್ಲಿ, ಮತ್ತೆ ತುಂಬುತ್ತಾರೆ. ದಂಡೆಗೆ ಬಂದು ಎರಡು ಹನಿ ಆಸಿಡ್ ಬಿಡುತ್ತಾರೆ. ಬಿಡದಿದ್ದರೆ ನೀರಿನಲ್ಲಿ ಕರಗಿದ ಸೀಸವೆಂಬ ವಿಷಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು ಪರೀಕ್ಷೆಗೆ ಸಿಗುವುದಿಲ್ಲ.

"ಬೋಳು ಹಣಿ ನೋಡಿದೋರು, ಗಂಡ ಯಾವಾಗ ಹೋದ ಅಂತ ಕೇಳ್ತಾರ್ರಿ," ಎಂದು ನಗುತ್ತಾರೆ.

ಮೊದಲು ಮಂದಿಯ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಈಗ ಪ್ರಯೋಗಾಲಯಕ್ಕೆ ನೀರು ತುಂಬಿಕೊಡುವ ದಿನಗೂಲಿ. ಕೊಟ್ಟೂರು, ಹಡಗಲಿ ಅಂತ ಬಸ್ಸಿನ ಓಡಾಟ. ತೊಡೆಯ ಮೇಲೆ ಐಸಿನ ಪೆಟ್ಟಿಗೆ. "ಮೀನೇನಬೇ ಅಂತಾನ ಕಂಡಕ್ಟರ್. ಇಲ್ಲಪಾ, ಹೊಳೀನ ತಂದೀನಿ ಅಂತೀನಿ."

ಈ ಹಳ್ಳ ಮಾತ್ರ ಅವರ ಓಣಿಯದೇ. ಮೇಲುಗಡೆ ಹಳೇ ಬ್ಯಾಟರಿ ಒಡೆಯುವ ಶೆಡ್ಡು. ಅದರ ಸೀಸ ಬೆರೆತ ಹುಳಿನೀರು ಹಳ್ಳಕ್ಕೆ ಇಳಿಯುತ್ತಿತ್ತು. ಕೆಳಗಡೆ ದಂಡೆಯ ಬೋರಿಂಗು. ಓಣಿಯ ಮಕ್ಕಳೆಲ್ಲ ಕುಡಿಯುತ್ತಿದ್ದದ್ದು ಅದರ ನೀರು. ಮೊದಲ ಬಾಟಲಿಯಲ್ಲೇ ಸೀಸ ಸಿಕ್ಕಿತು. ಆದರೆ ನೀರಿಗಿಳಿಯುವಾಗ ಹಣೆಯ ಕುಂಕುಮವನ್ನೇ ಒಂದಿಷ್ಟು ತೆಗೆದು ಗಂಗವ್ವನಿಗೆ ಬಿಟ್ಟು ಕೈಮುಗಿಯುವುದು ಗಾಳೆಮ್ಮನ ರೂಢಿ. ಅವತ್ತೂ ಬಿಟ್ಟು, ಅದೇ ಕೈಯಲ್ಲಿ ಬಾಟಲಿ ಅದ್ದಿದ್ದರು. ಅಗ್ಗದ ಕುಂಕುಮದ ಬಣ್ಣದಲ್ಲೂ ಸೀಸವಿರಬಹುದು. ನೋಡುತ್ತ ನಿಂತಿದ್ದ ಶೆಡ್ಡಿನವರು ಅದನ್ನೇ ಹಿಡಿದುಕೊಂಡರು: "ಸೀಸ ನಮ್ಮ ಶೆಡ್ಡಿಂದಲ್ಲ ಬೇ, ನಿನ್ನ ಹಣಿಯಿಂದ ಬಂದೈತಿ!" ಆ ಪರೀಕ್ಷೆ ರದ್ದಾಯಿತು. ಹುಳಿನೀರು ಹರಿಯುತ್ತಲೇ ಇತ್ತು.

ಮತ್ತೆ ನೀರು ತೆಗೆಯುವ ದಿನ ಗಾಳೆಮ್ಮ ಮನೆಯಲ್ಲೇ ಹಣೆ ತೊಳೆದುಕೊಂಡು ಹೊರಟರು. ಗಂಡ ನಾಗೇಂದ್ರಪ್ಪ ಬಾಗಿಲಿಗೆ ಅಡ್ಡ ನಿಂತರು. "ಲೇ, ನಾನಿನ್ನೂ ಬದುಕೀನಲೇ!"

"ನೀವೂ ಓಣಿ ಹುಡುಗ್ರೂ ಬದುಕಿರ್ಲಿ ಅಂತನ ತೊಳ್ಕೊಂಡೀನಿ. ಸರೀರಿ ಆಕಡಿ."

ಅವತ್ತು ಶೆಡ್ಡಿನವರ ಕಣ್ಣೆದುರೇ ಶೆಡ್ಡಿಗಿಂತ ಮೇಲುಗಡೆ ಒಂದು, ಕೆಳಗಡೆ ಒಂದು ಬಾಟಲಿ ತುಂಬಿದರು. ಮೇಲಿನದರಲ್ಲಿ ಸೀಸ ಕಾಣಲಿಲ್ಲ, ಕೆಳಗಿನದರಲ್ಲಿ ಕಂಡಿತು. ಶೆಡ್ಡಿನ ಚರಂಡಿಯ ಬಾಯಿಗೆ ಸಿಮೆಂಟು ಬಿತ್ತು, ಹುಳಿನೀರು ನಿಂತಿತು. ಹಾಗಂತ ಕೆಸರಿಗಿಳಿದ ಸೀಸ ಅಷ್ಟು ಬೇಗ ಬಿಟ್ಟು ಹೋಗುವುದಲ್ಲ. ಕುಡಿಯಬಾರದೆಂದು ಬೋರಿಂಗಿಗೆ ಬಳಿದ ಕೆಂಪು ಬಣ್ಣ ಹಾಗೇ ಇದೆ. ಅದಕ್ಕೇ ಈಗಲೂ ಈ ಬೆಳಗಿನ ಬಾಟಲಿಗಳು.

ಪೆಟ್ಟಿಗೆ ಮುಚ್ಚಿ ಓಣಿಗೆ ಬಂದರೆ ಬೋರಿಂಗಿನ ಹತ್ತಿರ ನಾಗೇಂದ್ರಪ್ಪ ಕುಂಕುಮದ ಭರಣಿ ಹಿಡಿದು ಕಾಯುತ್ತಿದ್ದಾರೆ. "ಮುಗೀತೇನಲೇ ನಿನ್ನ ವ್ರತ?"

ಗಾಳೆಮ್ಮ ಹಣೆಗಿಟ್ಟುಕೊಂಡು, ಬೋರಿಂಗಿನ ಹಿಡಿಯ ಮೇಲೆ ಕೈ ಇಡುತ್ತಾರೆ. "ಈ ಕೆಂಪು ಬಣ್ಣ ಒಂದಿನ ಕೆರೆಸಬೇಕ್ರಿ. ಅವತ್ತು ಮೊದಲನೇ ಕೊಡ ನಂದು. ಕುಂಕುಮಾನ ಕೊಡಕ್ಕ ಹಚ್ತೀನಿ, ನೀರಿಗಲ್ಲ."