ಮಧ್ಯಾಹ್ನದ ತನಕ ಉಪವಾಸ

ಎದೆ ಬಡಿತ ಶುರುವಾದದ್ದು ಆ ಚಳಿಗಾಲದಲ್ಲಿ. ಪಾಠ ಮಾಡುತ್ತಿದ್ದಾಗಲೇ ಕೈ ತಣ್ಣಗಾಗಿ, ಈಗ ಬಿದ್ದೆ, ಇನ್ನೇನು ಬಿದ್ದೆ ಅನ್ನಿಸುತ್ತಿತ್ತು. ಇಸಿಜಿ ತೆಗೆದರು, ಹೃದಯಕ್ಕೇನೂ ಆಗಿಲ್ಲ ಎಂದರು. ಪರಿಚಯದ ಮೈಸೂರಿನ ಡಾಕ್ಟರೊಬ್ಬರು, "ಇದು ಆತಂಕ ಕಣ್ರೀ ಮೇಡಂ. ದಿನಾ ಚುರುಕಾಗಿ ನಡೀರಿ. ರಾತ್ರಿ ಎಂಟಕ್ಕೆ ಉಂಡು ಮಾರನೇ ದಿನ ಹನ್ನೆರಡರ ತನಕ ಉಪವಾಸ ಇರೋರೂ ಇದ್ದಾರೆ. ಒಗ್ಗಿದ್ರೆ ಮಾಡಿ, ಇಲ್ದಿದ್ರೆ ಬಿಡಿ" ಅಂದರು. ಬಿಡಿ ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಹಟವೊಂದೇ ನಮ್ಮ ಮನೆತನದ ಆಸ್ತಿ.

ಬೆಳಿಗ್ಗೆ ಐದಕ್ಕೆ ಕಾಶಿಯ ಜಂಗಮವಾಡಿಯ ನಮ್ಮ ಗಲ್ಲಿಯಿಂದ ಹೊರಟು, ಘಾಟಿನ ಮೆಟ್ಟಿಲಿಳಿದು, ಗಂಗೆಯ ದಂಡೆಗುಂಟ ನಲವತ್ತು ನಿಮಿಷ ನಡೆಯುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ಬಂದು ನನ್ನ ಜೊತೆಗಿರುವ ಅವ್ವ ತಾನೂ ಬರುತ್ತೇನೆಂದಳು. ಎಪ್ಪತ್ತೆರಡು ವರ್ಷದ ಮೊಣಕಾಲು.

"ನೀ ಬಂದ್ರ ನಾ ಜೋರಾಗಿ ನಡಿಯಾಕ ಆಗಾಂಗಿಲ್ಲವ್ವ."

"ನೀ ಮುಂದ ನಡಿ. ನಾ ಹಿಂದಿಂದ ಬರ್ತೀನಿ."

ಬಂದಳು, ಒಂದು ದಿನವೂ ತಪ್ಪಿಸದೆ. ತಿರುಗಿ ನೋಡಿದಾಗಲೆಲ್ಲ ಸೆರಗು ಬಿಗಿದುಕೊಂಡು, ಕಂಡ ಗೋಡೆ ಹಿಡಿದು ಬರುತ್ತಿರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆಕೆಗಾಗಿ ನಿಲ್ಲುತ್ತಿರಲಿಲ್ಲ.

ಬೇಸಿಗೆ ಹೊತ್ತಿಗೆ ಅವ್ವನ ಕುಪ್ಪಸ ಜೋಲತೊಡಗಿತು. ಒಂದು ದಿನ ಮನೆಯೊಡತಿ ಮಹಡಿ ಮೆಟ್ಟಿಲಲ್ಲಿ ನನ್ನನ್ನು ತಡೆದು, "ಮಾತಾಜಿ ಅಬ್ ಸುಬಹ್ ಕುಛ್ ನಹೀ ಖಾತೀ" ಎಂದು ಕೈಮುಗಿದಳು. ಬೆಳಿಗ್ಗೆ ಏನೂ ತಿನ್ನುತ್ತಿಲ್ಲವಂತೆ. ಅದಕ್ಕೆ ಕೈಮುಗಿಯುವುದೇಕೆ ಎಂದು ಕಾಶಿಯಲ್ಲಿರುವವರು ಯಾರೂ ಕೇಳುವುದಿಲ್ಲ. ಕೊನೆಗಾಲ ಕಳೆಯಲೆಂದೇ ಬಂದವರು ಇಲ್ಲಿ ಊಟ ಬಿಟ್ಟರೆ ಯಾರೂ ಬೈಯುವುದಿಲ್ಲ, ದನಿ ತಗ್ಗಿಸುತ್ತಾರೆ. ಕೆಳಗಿನ ಕೋಣೆಯಲ್ಲಿದ್ದ ಹಾವೇರಿಯ ಅಜ್ಜ ಹಿಂದಿನ ವರ್ಷ ಅನ್ನದಿಂದ ಹಾಲಿಗೆ, ಹಾಲಿನಿಂದ ನೀರಿಗೆ ಇಳಿದಾಗ ಇಡೀ ಗಲ್ಲಿ ಬಂದು ಕಾಲು ಮುಟ್ಟಿ ಹೋಗಿತ್ತು. ನಾನೂ ಮುಟ್ಟಿದ್ದೆ.

ಅವ್ವನೂ ಹಾಗೆ ಹೊರಟಳೆ? ಕೇಳಲು ಹೆದರಿಕೆ. ಕೇಳಿ, ಹೌದು ಎಂದರೆ? ಉಣ್ಣುವವರ ತುತ್ತು ಎಣಿಸಬಾರದು ಅಂತಾರೆ; ನಾನು ರಾತ್ರಿ ಎದುರಿಗೆ ಕೂತು ಅವ್ವನ ತುತ್ತು ಎಣಿಸಿದೆ. ಎದೆ ಮತ್ತೆ ಡವಡವ ಅನ್ನತೊಡಗಿತು. ಅದನ್ನು ಅಡಗಿಸಲು ಇನ್ನೂ ಜೋರಾಗಿ ನಡೆದೆ.

ಕಡೆಗೊಂದು ಬೆಳಿಗ್ಗೆ ಘಾಟಿನ ಮೆಟ್ಟಿಲಲ್ಲಿ ಅವ್ವ ತೂರಾಡಿ ಕುಸಿದು ಕುಳಿತಳು. ಓಡಿ ಹಿಡಿದುಕೊಂಡೆ. ರಟ್ಟೆಯಲ್ಲಿ ಬರೀ ಎಲುಬು. ಹೆದರಿಕೆಗೆ ಬೈಗುಳವೇ ಬಂತು.

"ಊಟ ಬಿಟ್ಟು ಸಾಯಾಕ ಕುಂತೀಯೇನವ್ವ? ಖರೆ ಹೇಳು."

ಅವ್ವ ನನ್ನನ್ನೇ ನೋಡಿದಳು. "ನಾ ಯಾಕ ಸಾಯ್ಲಿ? ನೀ ಎಲ್ಲಿ ಸಾಯ್ತೀಯೋ ಅಂತ ದಿನಾ ಹಿಂದ ಬರಾಕತ್ತೀನಿ." ಉಸಿರು ಸುಧಾರಿಸಿಕೊಂಡು ಮುಂದುವರಿಸಿದಳು. "ನಿದ್ದಿ ಬಿಟ್ಟಿ, ಊಟ ಬಿಟ್ಟಿ. ಕತ್ತಲಿದ್ದಾಗ ಎದ್ದು ಒಬ್ಬಾಕಿನ ಹೊಳಿ ಕಡೆ ಹೊಂಡ್ತಿ. ಡಾಕ್ಟರ್ ಹೇಳ್ಯಾರ ಅಂತಿ. ಮಗಳು ಹಸ್ಕೊಂಡು ಹೊಳಿಗೆ ಹೊಂಟ್ರ ನನಗ ರೊಟ್ಟಿ ಹೆಂಗ ಇಳೀಬೇಕು?"

ಹುಚ್ಚಿ, ಹಾಗೇನಿಲ್ಲ ಎಂದು ನಗಬೇಕಿತ್ತು. ನಗು ಬರಲಿಲ್ಲ. ಕೆಲವು ಬೆಳಿಗ್ಗೆ ಕೊನೆಯ ಮೆಟ್ಟಿಲಲ್ಲಿ ನೀರು ನೋಡುತ್ತ ನಾನು ನಿಲ್ಲಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ. ಯಾಕೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹಿಂದೆ ಬರುತ್ತಿದ್ದವಳು ಅದನ್ನೆಲ್ಲ ನೋಡಿದ್ದಳು.

"ಒಂದೆರಡು ಸಲ ಅನಿಸಿತ್ತವ್ವ" ಎಂದೆ.

ಅವ್ವ ಅಳಲಿಲ್ಲ. ನನ್ನ ಮುಂಗೈ ಹಿಡಿದು ಎದ್ದಳು, ಗಲ್ಲಿಯ ತಿರುವಿನ ಕಚೋರಿ ಅಂಗಡಿಯ ತನಕ ಬಿಡಲಿಲ್ಲ. ಆರೂವರೆ ಆಗಿತ್ತು. ಲಿಂಗಪೂಜೆಯಾಗದೆ ಜನ್ಮದಲ್ಲಿ ಹನಿ ನೀರು ಕುಡಿದವಳಲ್ಲ ನಮ್ಮವ್ವ. ಅಂದು ಮೊದಲ ತುತ್ತು ಮುರಿದು ತಾನು ಬಾಯಿಗಿಟ್ಟುಕೊಂಡಳು, ಎರಡನೆಯದನ್ನು ನನ್ನ ಬಾಯಿಗೆ ಹಿಡಿದಳು.