ಹಿಂಗ್ಲಿ ಅಲ್ಲ, ಹಿಂಗಳೆ

ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು, ಮೊದಲ ಚುನಾವಣೆಗೆ ಮತದಾರರ ಯಾದಿ ಬರೆಯುವ ಕೆಲಸ ನನಗೆ ಬಿದ್ದಿತ್ತು. ಭಾಲ್ಕಿ ಸ್ಟೇಶನ್ ಹತ್ತಿರದ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಅಡ್ಡಹೆಸರು ಹೇಳಿದಳು. ನಾನು 'ಹಿಂಗಳೆ' ಎಂದು ಬರೆದುಕೊಂಡು, "ಹಿಂಗಿನ ವ್ಯಾಪಾರೇನವ್ವಾ ನಿಮ್ಮದು?" ಎಂದೆ. ಇಂಗಿಗೆ ನಮ್ಮ ಕಡೆ ಹಿಂಗು ಅನ್ನುತ್ತೇವೆ. ಹೆಸರು ಕೇಳಿದರೆ ಕಸುಬು ಹೇಳಬಲ್ಲೆ ಎಂಬ ಜಂಬ ಬೇರೆ.

"ಹಿಂಗಳೆ ಅಲ್ರಿ, ಹಿಂಗ್ಲಿ. ನಮ್ಮಪ್ಪ ರೈಲಿನ ಹಳಿ ಹಾಕಸ್ಲಿಕ್ಕ ಬಂದ ಇಂಗ್ರೇಜಿ ಸಾಹೇಬ ಇದ್ರಿ. ಅವರ ದೇಶದಾಗೂ ಈ ಹೆಸರಿನವರು ಭಾಳ ಮಂದಿ ಇಲ್ಲಂತ್ರಿ."

"ಒಂದೆರಡು ಅಕ್ಷರಕ್ಕ ಏನಾಗ್ತದ ತಂಗಿ?"

"ಅಪ್ಪ, ಅವ್ವ ಇಬ್ಬರೂ ಹೋದ್ರು. ಗದ್ದಲದಾಗ ಹೈದರಾಬಾದಿಗೆ ಹೋದ ಅಣ್ಣ ಇನ್ನೂ ಬಂದಿಲ್ರಿ. ಅವ ಎಂದಾರ ಈ ಯಾದಿ ತೆಗೆದು ನೋಡಿದ್ರ, ಹಿಂಗಳೆ ಅಂತಿದ್ರ ನನ್ನ ಹ್ಯಾಂಗ ಹುಡುಕ್ತಾನ್ರಿ?"

'ಹಿಂಗಳೆ'ಯನ್ನು ಹೊಡೆದು ಹಾಕಿ 'ಹಿಂಗ್ಲಿ' ಎಂದು ತಿದ್ದಿದೆ. ಅವಳು ಅಕ್ಷರದ ಮೇಲೆ ಬೆರಳಿಟ್ಟು ಓದಿ, "ನೀವು ಊರೂರು ತಿರಗವರು. ಈ ಹೆಸರಿನವರು ಯಾರಾರ ಸಿಕ್ಕ್ರ ತಿಳಸ್ರಿ" ಎಂದಳು.

ಬೀದರ, ಸಂತಪುರ, ಹೋದಲ್ಲೆಲ್ಲ ಕೇಳಿದೆ. ಕೊನೆಗೆ ಔರಾದಿನಲ್ಲಿ ಒಬ್ಬ ಸಿಕ್ಕ. ಹಿಂಗ್ಲಿ ಅಲ್ಲ, ನಿಜವಾದ ಹಿಂಗಳೆ; ಅಂಗಡಿ ತುಂಬ ಹಿಂಗಿನದೇ ವಾಸನೆ. ಹೆಸರು ಬರೆಸಿ ಆ ಮುದುಕ ನನ್ನ ಕೈ ಹಿಡಿದ. "ನಮ್ಮ ಹೆಸರಿನವರು ಇಲ್ಲಿ ಯಾರೂ ಉಳಿದಿಲ್ರಿ. ನಿಮಗೆಲ್ಲ್ಯಾರ ಸಿಕ್ಕಾರೇನ್ರಿ?"

"ಭಾಲ್ಕ್ಯಾಗ ಒಬ್ಬಾಕಿ ಅದಾಳ್ರಿ" ಎಂದುಬಿಟ್ಟೆ. ನಾನು ಹೊಡೆದು ಹಾಕಿದ ಹೆಸರನ್ನೂ ಲೆಕ್ಕಕ್ಕೆ ಹಿಡಿದರೆ, ಅದು ಪೂರ್ತಿ ಸುಳ್ಳಲ್ಲ.