ಅಡಿಯಂಟು ತರಲು ಹೋದದ್ದು

ನವರಾತ್ರಿ ಮುಗಿದ ಮಾರನೇ ವಾರ, ಸೋಮವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಸಾಗರದಿಂದ ಹೊರಟೆ. ಕೈಯಲ್ಲಿ ಒಂದು ವೈರ್ ಚೀಲ. ಅದರೊಳಗೆ ಒಂದು ಸೀರೆ, ಬಿಪಿ ಮಾತ್ರೆ, ಎಲೆಯಡಿಕೆ ಸಂಚಿ, ಮುಚ್ಚಳ ಇರುವ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬ. ಡಬ್ಬಕ್ಕೆ ಗಿಡ ಹಾಕಿಕೊಂಡು ಮಂಗಳವಾರ ಸಂಜೆಯೊಳಗೆ ಮನೆ ಸೇರುವುದು ಎಂದುಕೊಂಡಿದ್ದೆ.

ಹೋಗಬೇಕಾದದ್ದು ತೀರ್ಥಹಳ್ಳಿಯಿಂದ ಆಚೆ, ನನ್ನ ಅಕ್ಕ ಹೂವಮ್ಮನ ಮನೆಗೆ. ಅಕ್ಕನ ಸೊಸೆ ಸವಿತಾ ಶನಿವಾರ ಫೋನ್ ಮಾಡಿದ್ದಳು. "ಚಿಕ್ಕತ್ತೆ, ಮನೆ ಹಿಂದಿನ ದರೆ ಮತ್ತೆ ಜಾರಿದೆ. ಕೊಟ್ಟಿಗೆ ಮೇಲೆ ಬೀಳೋದೊಂದು ಬಾಕಿ. ಮಳೆ ಬಿಟ್ಟು ಹೊಳವಾದ ಕೂಡ್ಲೆ ಜೆಸಿಬಿ ತರ್ಸಿ ಪೂರ್ತಿ ಕಡಿಸ್ತಾರೆ. ನಿಮ್ಮವ್ವನ ಗಿಡ ಬೇಕಂತಿದ್ರೆ ಈಗ್ಲೇ ಬನ್ನಿ" ಎಂದಳು. ದರೆ ಎಂದರೆ ಗುಡ್ಡ ಕಡಿದು ಮನೆ ಕಟ್ಟಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆ. ನಮ್ಮವ್ವ ನೆಟ್ಟ ಜರಿಗಿಡ ಇರುವುದು ಆ ಗೋಡೆಯಲ್ಲೇ, ಬೇರೆಲ್ಲೂ ಇಲ್ಲ.

"ಅಕ್ಕ ಎಂತ ಅಂದ್ಲು?" ಎಂದು ಕೇಳಿದೆ.

"ಅವ್ರು ಎಂತದೂ ಅನ್ಲಿಲ್ಲ. ಫೋನ್ ಮಾಡಿದ್ದು ನಾನೇ."

ಅಕ್ಕ ಅನ್ನುವುದಿಲ್ಲ ಎಂದು ನನಗೂ ಗೊತ್ತಿತ್ತು. ನಾವು ಮಾತು ಬಿಟ್ಟು ಹದಿನೆಂಟು ವರ್ಷ. ಅವ್ವ ತೀರಿಕೊಂಡದ್ದು ಅಕ್ಕನ ಮನೆಯಲ್ಲಿ. ತಿಥಿ ಮುಗಿಸಿ ಹೊರಡುವಾಗ ನಾನು ಯಾರನ್ನೂ ಕೇಳದೆ ದರೆಯಿಂದ ಒಂದು ಬುಡ ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಂದೆ. ಹೊಸನಗರ ಮುಟ್ಟುವಾಗ ಮುದುಡಿತು. ಸಾಗರಕ್ಕೆ ಬಂದು ನೆಟ್ಟ ಮೂರನೇ ದಿನ ಸತ್ತಿತು. ಅಕ್ಕನಿಗೆ ಗೊತ್ತಾಗಿ "ಅವ್ವನ್ನ ಇನ್ನೊಂದ್ ಸಲ ಸಾಯ್ಸಿದೆ" ಎಂದಳು. ನಾನೂ ಒಂದು ಮಾತು ಅಂದೆ. ಅದನ್ನು ಬರೆಯುವುದಿಲ್ಲ.

ಬಸ್ಸಿನಲ್ಲಿ ಆಧಾರ್ ಕಾರ್ಡ್ ತೆಗೆದು ತೋರಿಸಿದೆ. ಕಂಡಕ್ಟರ್ ನೋಡಲೇ ಇಲ್ಲ. "ಅಜ್ಜಿ, ಫೋಟೋ ಚೆನ್ನಾಗಿದೆ, ಒಳಗಿಡಿ. ಇದು ಪ್ರೈವೇಟ್ ಬಸ್ಸು. ದುಡ್ಡು ಕೊಡಿ" ಎಂದ. ಕೊಟ್ಟೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಎಡಗೈ ಪೂರ್ತಿ ಒದ್ದೆಯಾಯಿತು.

ಆ ಬಸ್ಸು ಶರಾವತಿ ಹಿನ್ನೀರಿನ ಸೇತುವೆ ಮೇಲೆ ಹಾದುಹೋಗುತ್ತದೆ. ನಾವು ಹುಟ್ಟಿದ ಊರು ಆ ನೀರಿನಡಿಯಲ್ಲಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾ, "ಎಷ್ಟ್ ಚೆಂದ ಅಲ್ದಾ ಅಮ್ಮಾ?" ಎಂದಳು. "ಹೂಂ, ನಮ್ಮನೆ ಅಲ್ಲೇ ಇರೋದು" ಎಂದೆ. ಅವಳು ದಡದಲ್ಲಿ ಮನೆ ಹುಡುಕಿದಳು.  ನೀರು ತುಂಬ ಇತ್ತು, ಕೆಂಪಗಿತ್ತು.

ಊರು ಬಿಡುವಾಗ ನನಗೆ ಎಂಟೋ ಒಂಬತ್ತೋ. ಅಕ್ಕನಿಗೆ ಹದಿನೈದು. ನಮ್ಮ ಬಾವಿಯ ಒಳಗೋಡೆ ಜಂಬಿಟ್ಟಿಗೆ ಕಲ್ಲಿನದು. ಅದರ ಸಂದಿಯಲ್ಲೆಲ್ಲ ಈ ಜರಿ. ಅವ್ವ ಅದನ್ನು ನಡೆಯೋ ಗಿಡ ಅನ್ನುತ್ತಿದ್ದಳು. ಅದರ ಕಪ್ಪು ಕಡ್ಡಿ ಕುದುರೆ ಬಾಲದ ಕೂದಲಿನಂತೆ ಮಿರುಗುತ್ತದೆ, ಕೊಳೆಯುವುದಿಲ್ಲ. ಮೂಗು ಚುಚ್ಚಿದಾಗ ತೂತು ಕೂಡಿಕೊಳ್ಳದಿರಲಿ ಎಂದು ನಮ್ಮಿಬ್ಬರಿಗೂ ಅವ್ವ ಆ ಕಡ್ಡಿಯನ್ನೇ ಮುರಿದು ಹಾಕಿದ್ದಳು. ನತ್ತು ಬಂದದ್ದು ಎಷ್ಟೋ ವರ್ಷದ ಮೇಲೆ. ಊರು ಬಿಟ್ಟ ದಿನ ಅಪ್ಪ ಬಾಗಿಲು, ಜಂತಿ, ಒರಳು ಗಾಡಿಗೆ ಏರಿಸಿದ. ಅವ್ವ ತೆಂಗಿನ ಗರಟೆಯಲ್ಲಿ ಈ ಗಿಡ ಹಿಡಿದುಕೊಂಡು ಹಿಂದೆ ನಡೆದಳು. ಅಕ್ಕನ ಮದುವೆಯಾದಾಗ ಅದೇ ಗಿಡ ತೀರ್ಥಹಳ್ಳಿ ಕಡೆಗೆ ಹೋಯಿತು.

ಹೊಸನಗರದಲ್ಲಿ ಇಳಿದಾಗ ಮಳೆ ಜೋರಾಗಿತ್ತು. ತೀರ್ಥಹಳ್ಳಿ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ. ಚಟ್ನಿ ನೀರು. ಟೀ ಮಾತ್ರ ಚೆನ್ನಾಗಿತ್ತು. ಬಸ್ ಸ್ಟಾಂಡಿನ ಹಿಂದಿನ ಗೋಡೆಯಲ್ಲಿ ಜರಿ ಬೆಳೆದದ್ದು ಕಂಡು ಹೋಗಿ ಎಲೆ ಮಗುಚಿ ನೋಡಿದೆ. ಬೆನ್ನಿನ ನಡುವೆ ಎರಡು ಸಾಲು ಚುಕ್ಕಿ. ನಮ್ಮದಲ್ಲ. ನಮ್ಮದಕ್ಕೆ ಚುಕ್ಕಿ ಎಲೆಯ ಅಂಚಿನಲ್ಲಿ ಇರುತ್ತದೆ. ಅಂಚನ್ನೇ ಸೀರೆ ಮಡಿಕೆಯ ಹಾಗೆ ಒಳಕ್ಕೆ ಮಡಚಿ ಅದರೊಳಗೆ ಬೀಜದ ಪುಡಿ ಬಚ್ಚಿಟ್ಟುಕೊಂಡಿರುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಓದಿ ಅಲ್ಲ, ಗುಡಿಸಿ. ಗಿಡಮರದ ಪಾಠದ ಲ್ಯಾಬನ್ನು ಇಪ್ಪತ್ತೆರಡು ವರ್ಷ ಗುಡಿಸಿದೆ. ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳ ಧೂಳು ಹೊಡೆಯುವಾಗ ಒಂದು ಹಾಳೆಯಲ್ಲಿ ನಮ್ಮವ್ವನ ಗಿಡ ಕಂಡಿತು. ಹೆಸರೇನು ಎಂದು ಕೇಳಿದೆ. ಪಾಠ ಮಾಡುವ ಮೇಡಂ "ಅಡಿಯಾಂಟಮ್" ಎಂದರು. ನನಗೆ ಕೇಳಿಸಿದ್ದು ಅಡಿಯಂಟು. ಸರಿಯಾಗೇ ಇದೆ ಎಂದುಕೊಂಡೆ. ಈ ಗಿಡದ ಎಲೆದಂಟಿನ ತುದಿ ಬಾಲದ ಹಾಗೆ ಉದ್ದ ಬೆಳೆದು ಬಾಗಿ ನೆಲ ಮುಟ್ಟುತ್ತದೆ. ಮುಟ್ಟಿದಲ್ಲಿ ಅಂಟಿಕೊಂಡು ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ. ಅದರ ತುದಿ ಮತ್ತೆ ಮುಂದಕ್ಕೆ. ಅಡಿ ಅಂಟುವ ಗಿಡ, ಅಡಿಯಂಟು. ಇದನ್ನು ಹೇಳಿದಾಗ ಮೇಡಂ ನಕ್ಕು, "ಅದು ಗ್ರೀಕ್ ಭಾಷೆಯ ಹೆಸರು ಚೌಡಮ್ಮ. ನೆನೆಯದ್ದು ಅಂತ ಅರ್ಥ" ಎಂದು ಒಂದು ಎಲೆಯ ಮೇಲೆ ನೀರು ಬಿಟ್ಟು ತೋರಿಸಿದರು. ನೀರು ಗುಂಡಾಗಿ ಉರುಳಿ ಬಿತ್ತು. ಎಲೆ ಒದ್ದೆಯಾಗಲೇ ಇಲ್ಲ. ನಾನು ಮಾತ್ರ ಅಡಿಯಂಟು ಎಂದೇ ಹೇಳುತ್ತೇನೆ.

ತೀರ್ಥಹಳ್ಳಿಗೆ ಮುಟ್ಟಿದಾಗ ಹನ್ನೆರಡಾಗಿತ್ತು. ಅಲ್ಲಿಂದ ಆಟೋ. ಅಕ್ಕ ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಸಣ್ಣಗಾಗಿದ್ದಳು. ಬೆನ್ನು ಬಾಗಿತ್ತು. ನನ್ನನ್ನು ನೋಡಿ ಅಡಕತ್ತರಿ ಕೆಳಗಿಡಲಿಲ್ಲ.

"ಯಾರು?" ಎಂದಳು.

"ಕಣ್ಣು ಕಾಣಲ್ವಾ?"

"ಕಾಣ್ತದೆ. ಆದ್ರೂ ಕೇಳ್ದೆ. ಈ ಸಲ ಕವರು ತಂದಿದೀಯಾ ಚೀಲ ತಂದಿದೀಯಾ?"

"ಡಬ್ಬ ತಂದಿದೀನಿ."

"ಹೆಣಕ್ಕೆ ಪೆಟ್ಟಿಗೆ ಸಮೇತ ಬಂದಿದೀಯ ಅನ್ನು."

ಸವಿತಾ ಒಳಗಿಂದ ಓಡಿಬಂದು ನೀರು ಬೆಲ್ಲ ಕೊಟ್ಟಳು. ಊಟಕ್ಕೆ ಕೆಸುವಿನ ಸೊಪ್ಪಿನ ಪಲ್ಯ, ಮೀನುಸಾರು. ಊಟವಾದ ಮೇಲೆ ನಾನು ಸೀದಾ ಹಿಂದಕ್ಕೆ ಹೋದೆ. ದರೆ ಎರಡಾಳು ಎತ್ತರ, ಅರ್ಧ ಜಾರಿ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಹಸುಗಳನ್ನು ಆಗಲೇ ಸೌದೆಮನೆಗೆ ಕಟ್ಟಿದ್ದರು. ಜಾರದೆ ನಿಂತ ಭಾಗದಲ್ಲಿ ಗಿಡ ಇತ್ತು. ಕರೀ ದಂಟು, ಎರಡು ಕಡೆ ಅರ್ಧಚಂದ್ರನಂಥ ಎಲೆ, ಎಲೆಯ ಮೇಲೆ ಮಳೆಹನಿ ಕೂತಿತ್ತು, ಅಂಟಿರಲಿಲ್ಲ. ಬಾವಿಗೆ ಬಗ್ಗಿದಾಗ ಬರುತ್ತಿದ್ದ ತಣ್ಣನೆಯ ವಾಸನೆಯೇ ಅಲ್ಲಿಯೂ ಇತ್ತು. 

ಅಕ್ಕ ಕೋಲೂರಿಕೊಂಡು ಹಿಂದೆಯೇ ಬಂದಿದ್ದಳು. "ಈ ಎಲೆ ನೆನೆಯಲ್ಲ ಅಂತ ಮೇಡಂ ಹೇಳಿದ್ರು" ಎಂದೆ, ಮಾತಿಗೆ.

"ನೆನೆಯಲ್ವಾ? ಹಂಗಾರೆ ನಿನ್ನ ಹೆಸರಿಡ್ಬೇಕಿತ್ತು. ಹದಿನೆಂಟು ವರ್ಷದಲ್ಲಿ ನೀ ಎಷ್ಟ್ ಸಲ ನೆನೆಸಿದೀಯೆ?"

 ಬಗ್ಗಿ ಬುಡಕ್ಕೆ ಕೈ ಹಾಕಿದೆ. ಕೋಲಿನಿಂದ ಕೈಗೆ ತಟ್ಟಿದಳು. ನೋವಾಗುವ ಹಾಗೇ ತಟ್ಟಿದಳು.

"ಕೀಳ್ಬೇಡ. ಇದು ಕಿತ್ರೆ ಬರೋ ಜಾತಿ ಅಲ್ಲ. ಅವ್ವ ಊರಿಂದ ತಂದದ್ದು ಕಿತ್ತಲ್ಲ. ಬಾವಿಯೊಳಗೆ ಹಗ್ಗ ಕಟ್ಟಿ ಗರಟೆ ಇಳಿಬಿಟ್ಟು ಬಾಲದ ತುದೀನ ಮಣ್ಣಲ್ಲಿ ಇಟ್ಟಿದ್ಲು. ತಾಯಿ ಹಾಲು ಕುಡೀತಾನೇ ಅದು ಬೇರು ಬಿಡ್ಬೇಕು. ಬಿಟ್ಟ ಮೇಲೆ ಕೊಯ್ಯದು. ನೀ ಸಣ್ಣಕಿದ್ದೆ. ನಿಂಗೆಂತ ಗೊತ್ತು?"

ಲ್ಯಾಬಿನಲ್ಲಿ ಅಷ್ಟು ವರ್ಷ ಇದ್ದರೂ ನನಗೆ ಇದು ಹೊಳೆದಿರಲಿಲ್ಲ. "ಎಷ್ಟು ದಿನ ಬೇಕು?" ಎಂದೆ.

"ಅದು ಗಿಡನ್ನೇ ಕೇಳು. ಎರಡು ವಾರ, ಮೂರು ವಾರ. ಇರೋದಾದ್ರೆ ಇರು, ಹೋಗೋದಾದ್ರೆ ಖಾಲಿ ಡಬ್ಬ ತಗೊಂಡು ಹೋಗು."

ಮಂಗಳವಾರ ಬೆಳಿಗ್ಗೆ ಎರಡು ಗರಟೆಗೆ ದರೆಯ ಮಣ್ಣನ್ನೇ ತುಂಬಿದೆವು. ಎರಡು ಕಲ್ಲಿನ ಮೇಲೆ ಕೂರಿಸಿ, ಎರಡು ಬಾಲ ಬಗ್ಗಿಸಿ, ತುದಿ ಮಣ್ಣಿಗೆ ತಾಗಿಸಿ, ಮೇಲೊಂದು ಸಣ್ಣ ಕಲ್ಲು ಹೇರಿದೆವು. ಒಂದು ನನಗೆ, ಒಂದು ಅಕ್ಕನಿಗೆ. ಆಮೇಲೆ ಕೆಲಸ ಇರಲಿಲ್ಲ. ಕಾಯುವುದೊಂದೇ.

ಹಿಂದೆಂದೂ ನಾನು ಮಳೆ ಬರಲಿ ಎಂದು ಅಷ್ಟು ಆಸೆಪಟ್ಟಿರಲಿಲ್ಲ. ಮಳೆ ಬಿಟ್ಟರೆ ಜೆಸಿಬಿ. ಒಂಬತ್ತನೇ ದಿನ ಬಿಸಿಲು ಬಂತು, ಜೊತೆಗೆ ಜೆಸಿಬಿಯೂ ಬಂತು. ಅಕ್ಕ ಮಣೆ ತಂದು ದರೆಯ ಮುಂದೆ ಹಾಕಿಕೊಂಡು ಕೂತಳು. ಡ್ರೈವರ್ ಇಳಿದು ಬಂದ. "ಏಳಿ ಅಜ್ಜಿ, ನಮ್ದು ಗಂಟೆ ಲೆಕ್ಕ" ಎಂದ.

"ನಂದು ಬೇರಿನ ಲೆಕ್ಕ ಮಾರಾಯ. ಬಿಟ್ಟ ಮೇಲೆ ಹೇಳಿ ಕಳಸ್ತೀನಿ."

"ಒಂದು ಸೊಪ್ಪಿಗೋಸ್ಕರ ಮಿಷನ್ ನಿಲ್ಸಿದ್ದು ಇದೇ ಮೊದ್ಲು ನೋಡಿ!"

"ಅದ್ಕೇ ನೆಪ್ಪಿಟ್ಕೋ. ಊರಲ್ಲಿ ಹೇಳಾಕೆ ಬೇಕಾಗ್ತದೆ" ಎಂದಳು. ಅವನು ನಗುತ್ತಾ ಬೇರೆ ಕಡೆ ಕೆಲಸಕ್ಕೆ ಹೋದ. ಸಂಜೆಗೆ ಮತ್ತೆ ಮೋಡ ಕವಿದು ಮಳೆ ಹಿಡಿಯಿತು.

ಹಗಲೆಲ್ಲ ನಾವು ಜಗುಲಿಯಲ್ಲಿ ಅಡಿಕೆ ಕತ್ತರಿಸಿದೆವು, ಸೊಪ್ಪು ಸೋಸಿದೆವು. ಜಗಳ ಆಡಲಿಲ್ಲ ಎಂದು ಹೇಳಲಾರೆ. ನಮ್ಮ ಬಾವಿಗೆ ಎಷ್ಟು ಮೆಟ್ಟಿಲು ಎಂಬುದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಜಗಳ. ಮೂರು ಎಂದೆ, ನಾಲ್ಕು ಎಂದಳು. ಕೇಳೋಣ ಎಂದರೆ ಬೇರೆ ಯಾರೂ ಉಳಿದಿಲ್ಲ. ಅದು ಇಬ್ಬರಿಗೂ ಒಂದೇ ಸಲ ಹೊಳೆಯಿತು. ಅಕ್ಕ "ಹೋಗ್ಲಿ, ಮೂರೂವರೆ" ಎಂದಳು.

ನಾನು ಬಂದ ಹದಿನೇಳನೇ ದಿನ, ಬುಧವಾರ, ಹಲ್ಲುಜ್ಜಲು ಹೋದಾಗ ನನ್ನ ಗರಟೆಯ ಕಲ್ಲು ಸರಿಸಿ ಬಾಲವನ್ನು ಮೆಲ್ಲಗೆ ಎಳೆದು ನೋಡಿದೆ. ಬರಲಿಲ್ಲ. ಮಣ್ಣು ಹಿಡಿದಿತ್ತು. ನಡುವೆ ಕೂಸಿನ ಮುಷ್ಟಿಯಂಥ ಸುರುಳಿ ಒಂದು ತಲೆ ಎತ್ತಿತ್ತು. ಕಲ್ಲನ್ನು ಮೊದಲಿದ್ದಂತೆ ಇಟ್ಟು ಒಳಗೆ ಬಂದೆ.

"ಬಿಡ್ತಾ?" ಎಂದಳು ಅಕ್ಕ.

"ಇನ್ನೂ ಇಲ್ಲ" ಎಂದೆ. ಮಳೆ ಹೇಗೂ ಬಿಟ್ಟಿರಲಿಲ್ಲ.

ಮರುದಿನ ಅವಳು ಒಬ್ಬಳೇ ದರೆಯ ಕಡೆ ಹೋಗಿ ಬಂದು, "ಹೌದು, ಇನ್ನೂ ಇಲ್ಲ" ಎಂದಳು. ಶುಕ್ರವಾರ ಇಬ್ಬರೂ ಸೇರಿ ಕೊಟ್ಟೆ ಕಡುಬು ಮಾಡಿದೆವು. ಶನಿವಾರ ನನ್ನ ತಲೆಗೆ ಎಣ್ಣೆ ಹಚ್ಚಿ, "ಕೂದ್ಲೇ ಉಳ್ದಿಲ್ವಲ್ಲೇ ನಿಂಗೆ" ಎಂದು ಬೈದಳು. ಭಾನುವಾರ ಬಿಸಿಲು ಬಿದ್ದು, ನಾಳೆ ಮಧ್ಯಾಹ್ನ ಬರುತ್ತೇನೆಂದು ಜೆಸಿಬಿಯವನು ಫೋನ್ ಮಾಡಿದ. ಇನ್ನು ತಳ್ಳುವ ಹಾಗಿರಲಿಲ್ಲ. ಸಂಜೆ ಅಕ್ಕ ಹಳೇ ಬ್ಲೇಡು ತಂದು ಎರಡು ದಂಟನ್ನೂ ಕೊಯ್ದಳು. 

ಸೋಮವಾರ ಬೆಳಿಗ್ಗೆ ಬೇಡ ಬೇಡ ಎಂದರೂ ಆಟೋದಲ್ಲಿ ತೀರ್ಥಹಳ್ಳಿ ತನಕ ಬಂದಳು. ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗರಟೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಅವಳು ಕೆಳಗೆ ಕೋಲು ಹಿಡಿದು ನಿಂತಿದ್ದಳು.  ಡ್ರೈವರ್ ಹತ್ತಿದ, ಬಸ್ಸು ಅಲುಗಿತು. ಆಗ ಅವಳು ಎರಡು ಹೆಜ್ಜೆ ಮುಂದೆ ಬಂದು ಕಿಟಕಿಯ ಸರಳು ಹಿಡಿದಳು.

"ಏ ಚೌಡಿ, ಅದು ಗುರುವಾರವೇ ಬೇರು ಬಿಟ್ಟಿತ್ತು. ನಾ ಎಳ್ದು ನೋಡಿದ್ದೆ."

"ಬುಧವಾರ" ಎಂದೆ.